ಡ್ರೈವರ್ ದೇರಪ್ಪನ ಶನಿವಾರಗಳು

ಪಾಲಿಬೆಟ್ಟದಿಂದ ಅಮ್ಮತ್ತಿಗೆ ಬರುವ ರಸ್ತೆಯಲ್ಲಿ, ಒಂದು ತಿರುವು ಕಳೆದ ಮೇಲೆ, ತೋಡಿನ ಮೇಲೆ ಕಟ್ಟಿದ ಕಲ್ಲಿನ ಮೋರಿಯಿದೆ. 1962ರ ಫೆಬ್ರವರಿಯ ಒಂದು ಸಂಜೆ ಕಾಫಿ ಎಸ್ಟೇಟೊಂದರ ಲಾರಿ ಈ ಮೋರಿಯ ಕಟ್ಟೆಗೆ ಬಡಿದು ಚರಂಡಿಗೆ ವಾಲಿತು. ಮೈಸೂರಿನಿಂದ ಗೊಬ್ಬರದ ಚೀಲ ತರುತ್ತಿದ್ದ ಲಾರಿ. ಚೀಲಗಳ ಮೇಲೆ ಕಾಳ ಎಂಬ ಲೋಡಿಂಗ್ ಆಳು ಕೂತಿದ್ದ. ಅವನ ಎಡಗೈ ಮೊಣಕೈಯ ಹತ್ತಿರ ಮುರಿಯಿತು. ಡ್ರೈವರ್ ದೇರಪ್ಪನ ಹಣೆಯಲ್ಲಿ ಒಂದು ಗೀರು ಮಾತ್ರ.

ದೇರಪ್ಪ ಕುಡಿದಿದ್ದ. ದಾರಿಯಲ್ಲಿ ತಿತಿಮತಿಯ ನೆಂಟರ ಮನೆಯಲ್ಲಿ ನಿಶ್ಚಿತಾರ್ಥ. ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಕಾಳನನ್ನು ಕಾವಲಿಗೆ ಕೂರಿಸಿ, ಎರಡು ಗಂಟೆ ಅಲ್ಲಿದ್ದು ಬಂದಿದ್ದ. ಅದನ್ನು ಅವನು ಕೋರ್ಟಿನಲ್ಲಿ ಅಲ್ಲಗಳೆಯಲಿಲ್ಲ. ಆದರೆ ಒಂದು ಮಾತು ಸೇರಿಸಿದ: ತಿರುವಿನಲ್ಲಿ ಎಮ್ಮೆ ಅಡ್ಡ ಬಂತು, ಅದನ್ನು ಉಳಿಸಲು ಹೋದೆ. ಕಟ್ಟು ಹಾಕಿದ ಕೈಯೊಂದಿಗೆ ಸಾಕ್ಷಿ ಹೇಳಿದ ಕಾಳ, ತಾನು ಹಿಂದಕ್ಕೆ ಮುಖ ಮಾಡಿ ಕೂತಿದ್ದರಿಂದ ಎಮ್ಮೆಯನ್ನು ನೋಡಲಿಲ್ಲ ಎಂದ. ನೋಡಲಿಲ್ಲ ಎನ್ನುವಾಗ ದೇರಪ್ಪನ ಮುಖವನ್ನೇ ನೋಡುತ್ತಿದ್ದ.

ದೇರಪ್ಪನಿಗೆ ಆಗ ಮೂವತ್ತೆಂಟು ವರ್ಷ. ಭಾಗಮಂಡಲದ ಕಡೆಯ ಗೌಡರ ಮನೆಯವನು, ಹದಿನಾಲ್ಕು ವರ್ಷಗಳಿಂದ ಅದೇ ಎಸ್ಟೇಟಿನ ಡ್ರೈವರ್. ಜೈಲು ಖಂಡಿತ ಎಂದುಕೊಂಡು ಬಟ್ಟೆಯ ಗಂಟು ಕಟ್ಟಿಕೊಂಡೇ ಕೋರ್ಟಿಗೆ ಹೋಗಿದ್ದ. ಮ್ಯಾಜಿಸ್ಟ್ರೇಟರು ಅವನನ್ನು ಜೈಲಿಗೆ ಕಳಿಸಲಿಲ್ಲ. ಪ್ರೊಬೇಷನ್ ಕಾನೂನು ಬಂದು ಆಗಿನ್ನೂ ನಾಲ್ಕು ವರ್ಷ. ಅದರಡಿ ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಷರತ್ತುಗಳನ್ನು ಹಾಕಿದರು. ಮದ್ಯ ಮುಟ್ಟಬಾರದು. ಪ್ರತಿ ಶನಿವಾರ ಪೇಟೆಯಲ್ಲಿ ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಾಗಿ ಸಹಿ ಹಾಕಬೇಕು, ಅವರು ಹೇಳುವ ಪಾಠ ಕೇಳಬೇಕು. ತಿಂಗಳ ಮೊದಲ ಶನಿವಾರ ಸರಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ. ವರ್ಷ ಮುಗಿಯುವವರೆಗೆ ಲೈಸೆನ್ಸು ಕೋರ್ಟಿನ ಕಪಾಟಿನಲ್ಲಿ. ವರ್ಷದ ಕೊನೆಗೆ ಅಧಿಕಾರಿಯ ವರದಿ ಚೆನ್ನಾಗಿದ್ದರೆ ಲೈಸೆನ್ಸು ಕೈಗೆ, ಇಲ್ಲದಿದ್ದರೆ ಜೈಲು. ಎಸ್ಟೇಟಿನವರು ಒಂದು ವರ್ಷ ಕಾಯಲು ಒಪ್ಪಿ, ಅವನನ್ನು ಕಾಫಿ ಒಣಗಿಸುವ ಕಣದ ಕಾವಲಿಗೆ ಹಾಕಿದರು.

ಈ ಏರ್ಪಾಡಿನಲ್ಲಿ ಎಲ್ಲೋ ಒಂದು ಉರುಳು ಇದೆ ಎಂದು ದೇರಪ್ಪನಿಗೆ ಮೊದಲ ದಿನವೇ ಅನ್ನಿಸಿತು.

“ಜೈಲಾದರೆ ಗೋಡೆ ಕಣ್ಣಿಗೆ ಕಾಣ್ತದೆ,” ಎಂದು ಹೆಂಡತಿ ಪೊನ್ನಮ್ಮನಿಗೆ ಹೇಳಿದ. “ಇದ್ರ ಗೋಡೆ ಎಲ್ಲುಟ್ಟು ಅಂತ ಯಾರಿಗೆ ಗೊತ್ತು?”

ಪೇಟೆಯಲ್ಲಿ ಪ್ರೊಬೇಷನ್ ಅಧಿಕಾರಿಗೆ ಸ್ವಂತ ಕೋಣೆ ಇರಲಿಲ್ಲ. ಅಬಕಾರಿ ಕಚೇರಿಯ ಜಗುಲಿಯ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಕೊಟ್ಟಿದ್ದರು. ಅಧಿಕಾರಿ ಶಿವಶಂಕರಪ್ಪ ದಾವಣಗೆರೆ ಕಡೆಯವರು, ಹಣೆಗೆ ವಿಭೂತಿ, ಬಾಯಿಗೆ ಕಾಫಿಯನ್ನೂ ಹಾಕದವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಯಲುಸೀಮೆಯಿಂದ ಬಂದ ಅಧಿಕಾರಿಗಳನ್ನು ಊರವರು ದೂರದಿಂದ ನೋಡುತ್ತಿದ್ದರು. ಶಿವಶಂಕರಪ್ಪ ಊರವರನ್ನು ಅಷ್ಟೇ ದೂರದಿಂದ ನೋಡುತ್ತಿದ್ದರು.

“ಕೊನೇ ಸಲ ಕುಡಿದಿದ್ದು ಯಾವಾಗ?”

“ಆವತ್ತೇ ಸಾರ್. ಲಾರಿ ಬಿದ್ದ ದಿನ.”

“ಎಲ್ಲಾರೂ ಹಂಗೇ ಅಂತಾರ್ರೀ. ಊದ್ರಿ.”

ದೇರಪ್ಪ ಊದಿದ. ಶಿವಶಂಕರಪ್ಪ ಮೂಗನ್ನು ಮುಂದೆ ತಂದು, ಎರಡು ಕ್ಷಣ ಕಣ್ಣು ಮುಚ್ಚಿ, “ಈರುಳ್ಳಿ,” ಎಂದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಯೋಚಿಸಿ, “ವಾಸನೆ ಮುಚ್ಚಾಕೆ ತಿಂದಿದ್ದೋ?” ಎಂದರು.

ಮನೆಯಲ್ಲೂ ಊದಬೇಕಿತ್ತು. ಸಂಜೆ ಕಣದಿಂದ ಬಂದವನನ್ನು ಪೊನ್ನಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು.

“ನೀನೂ ಆಫೀಸರಾ?”

“ಅಂವ ವಾರಕ್ಕೊಂದು ಸರ್ತಿ ಮೂಸುದು. ನಂಗೆ ದಿನಾ ಉಟ್ಟು. ಊದಿ.”

ಅವಳ ಅನುಮಾನಕ್ಕೆ ಆಧಾರವಿಲ್ಲದೆ ಇರಲಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಒಂದು ದಿನ, ಕಣದ ಶೆಡ್ಡಿನಲ್ಲಿ ಯಾರೋ ಕೊಟ್ಟ ಗ್ಲಾಸನ್ನು ದೇರಪ್ಪ ಕೈಗೆ ತೆಗೆದುಕೊಂಡಿದ್ದ. ತುಟಿಯ ಹತ್ತಿರ ತಂದು ಇಳಿಸಿದ. ಹೆದರಿಕೆಯಿಂದಲೋ ಬೇಡವೆನಿಸಿಯೋ ಎಂದು ಅವನಿಗೇ ತಿಳಿಯಲಿಲ್ಲ. ಗ್ಲಾಸು ಕೊಟ್ಟವನು ಯಾರ ಕಡೆಯವನು ಎಂಬ ಯೋಚನೆಯೂ ಆಗಲೇ ಬಂದಿತ್ತು.

ಪಾಠಕ್ಕೆ ಪುಸ್ತಕವಿರಲಿಲ್ಲ. ಶಿವಶಂಕರಪ್ಪ ರಸ್ತೆ ನಿಯಮಗಳ ಒಂದು ಹೊತ್ತಿಗೆಯನ್ನೂ ಪಾನನಿರೋಧದ ಕೆಲವು ಕರಪತ್ರಗಳನ್ನೂ ಸೇರಿಸಿ ತಾವೇ ಪಾಠ ಮಾಡಿಕೊಂಡಿದ್ದರು. ಕುಡಿತ ಪಾಪ ಎಂಬ ಭಾಗಕ್ಕೆ ದೇರಪ್ಪ ಆಕಳಿಸಿದ. ಜುಲೈ ಮೊದಲಲ್ಲಿ ಅವರು ಒಂದು ಲೆಕ್ಕ ಹೇಳಿದರು.

“ತಾಸಿಗೆ ಮೂವತ್ತು ಮೈಲಿ ಓಡೋ ಲಾರಿ ಒಂದು ಸೆಕೆಂಡಿಗೆ ನಲವತ್ತನಾಕು ಅಡಿ ಹೋಗ್ತದೆ. ಕುಡಿದವನ ಕಾಲು ಬ್ರೇಕಿಗೆ ಹೋಗಾಕೆ ಒಂದು ಸೆಕೆಂಡು ತಡ ಅಂತ ಇಟ್ಕಳ್ರಿ. ನಲವತ್ತನಾಕು ಅಡಿ ಲಾರಿ ಓಡ್ತಿರ್ತದೆ, ಓಡಿಸೋನು ಯಾರೂ ಇಲ್ಲ. ನಿಮ್ಮ ಎಮ್ಮೆ ಎಷ್ಟು ದೂರದಾಗಿತ್ತು?”

“ನೆನಪಿಲ್ಲ ಸಾರ್.”

“ನೆನಪು ಮಾಡ್ಕಳ್ರಿ.”

ಹದಿನಾಲ್ಕು ವರ್ಷ ಲಾರಿ ಓಡಿಸಿದವನಿಗೆ ಲಾರಿಯ ಬಗ್ಗೆ ಗೊತ್ತಿಲ್ಲದ ಮಾತೊಂದನ್ನು, ಸೈಕಲ್ಲನ್ನೂ ಸರಿಯಾಗಿ ತುಳಿಯಲು ಬಾರದ ಮನುಷ್ಯ ಹೇಳಿದ್ದ. ಅದು ದೇರಪ್ಪನನ್ನು ಕಾಡಿತು. ಮರುದಿನ ಭಾನುವಾರ. ಚೀಲ ಕಟ್ಟುವ ಹಗ್ಗವನ್ನು ನಲವತ್ತನಾಲ್ಕು ಅಡಿಗೆ ಕತ್ತರಿಸಿಕೊಂಡು, ಕೊಡೆ ಹಿಡಿದು, ಮೋರಿಗೆ ಹೋದ. ತಿರುವು ಮುಗಿದು ಎಮ್ಮೆ ಕಣ್ಣಿಗೆ ಬಿದ್ದ ಜಾಗ ಅವನಿಗೆ ಚೆನ್ನಾಗಿಯೇ ನೆನಪಿತ್ತು: ಸುಣ್ಣ ಬಳಿದ ಕಲ್ಲಿನ ಪಕ್ಕ. ಅಲ್ಲಿಂದ ಎಮ್ಮೆ ದಾಟುತ್ತಿದ್ದ ಮೋರಿಯವರೆಗೆ ಹಗ್ಗ ಎಳೆದು ಎಳೆದು ಅಳೆದ. ನಾಲ್ಕೂವರೆ ಹಗ್ಗ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಮತ್ತೊಮ್ಮೆ ಅಳೆದ. ಮತ್ತೆಯೂ ನಾಲ್ಕೂವರೆ. ಆ ಲೆಕ್ಕವನ್ನು ಅವನು ಶಿವಶಂಕರಪ್ಪನಿಗೂ ಹೇಳಲಿಲ್ಲ, ಪೊನ್ನಮ್ಮನಿಗೂ ಹೇಳಲಿಲ್ಲ.

ಮಳೆಯಲ್ಲಿ ರಸ್ತೆ ಅಳೆಯುವ ಮನುಷ್ಯನನ್ನು ಎಸ್ಟೇಟಿನ ಲೈನಿನವರು, ಎಂದರೆ ಕೂಲಿಮನೆಗಳ ಸಾಲಿನವರು, ನೋಡಿದರು. ಮೋರಿಯ ಕೆಳಗೆ, ತೋಡಿನಗುಂಟ ಒಂದು ಫರ್ಲಾಂಗು ಇಳಿದರೆ ಬಿದಿರುಮೆಳೆಯೊಳಗೆ ಮಾರಿ ಎಂಬ ಲೈನಿನ ಕೆಲಸಗಾರನ ಕಳ್ಳಭಟ್ಟಿ ಇತ್ತು. ಎಲ್ಲರಿಗೂ ಗೊತ್ತಿದ್ದ ಗುಟ್ಟು. ಬುಧವಾರ ಬೆಳಗ್ಗೆ ಅಬಕಾರಿಯವರು ಬಂದು ನೇರವಾಗಿ ಅಲ್ಲಿಗೇ ಇಳಿದರು, ಮಡಕೆಗಳನ್ನು ಒಡೆದರು, ಮಾರಿಯನ್ನು ಹಿಡಿದುಕೊಂಡು ಹೋದರು.

ಸುಳಿವು ಕೊಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಆದರೆ ಲೈನಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಪ್ರತಿ ಶನಿವಾರ ಬಸ್ಸು ಹತ್ತಿ ಅಬಕಾರಿ ಕಚೇರಿಯ ಜಗುಲಿಯಲ್ಲಿ ಕೂತು ಬರುವವನು ಒಬ್ಬನೇ. ಲಾರಿ ಬೀಳಿಸಿ ಒಬ್ಬನ ಕೈ ಮುರಿದೂ ಜೈಲಿಗೆ ಹೋಗದವನು ಅವನೇ. ಸರಕಾರ ಬಿಟ್ಟಿ ಬಿಡುತ್ತದೆಯೇ?

ಹತ್ತು ದಿನಕ್ಕೆ ಮಾರಿ ಜಾಮೀನಿನ ಮೇಲೆ ಬಂದ. ಆ ಹೊತ್ತಿಗೆ ಪೊನ್ನಮ್ಮ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಸರಿಸಿ ದಾರಿ ಬಿಡುತ್ತಿದ್ದರು.

“ಬನ್ನಿ ಅಕ್ಕ, ಬನ್ನಿ. ಸರ್ಕಾರದ ಕೊಡ ಮೊದ್ಲು ತುಂಬಲಿ.”

ಅವಳು ಮನೆಗೆ ಬಂದು ಕೊಡ ಇಳಿಸಿ ಗಂಡನನ್ನು ನೇರವಾಗಿ ಕೇಳಿದಳು. “ನೀವು ಹೇಳಿದ್ದಾ?”

“ನೀನೂ ಕೇಳ್ತಿಯಾ?”

“ಕೇಳಿದ್ಕೆ ಉತ್ತರ ಕೊಡಿ.”

“ಇಲ್ಲೆ.”

ಅವಳು ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಆಗಸ್ಟ್ ಮೂರು, ಶುಕ್ರವಾರ, ಆಟಿ ತಿಂಗಳ ಹದಿನೆಂಟನೆಯ ದಿನ. ಕೊಡಗಿನಲ್ಲಿ ಆ ದಿನ ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಬೇಲಿಯಲ್ಲಿ, ತೋಡಿನ ಬದಿಯಲ್ಲಿ ತಾನಾಗಿ ಬೆಳೆಯುವ ಗಿಡ ಅದು. ಆ ಒಂದು ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧ ಬಂದು ಸೇರುತ್ತದೆ, ಮರುದಿನದಿಂದ ಇಳಿದುಹೋಗುತ್ತದೆ ಎಂಬುದು ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡುನೇರಳೆಯಾಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿಯ ಹಾಲು ಸೇರಿಸುತ್ತಾರೆ. ತಿಂದವರ ಮೂತ್ರ ಮರುದಿನ ಕೆಂಪಗಾಗುತ್ತದೆ. ಕೆಂಪಾದರೆ ಮದ್ದು ಮೈಗೆ ಹತ್ತಿತು ಎಂದು ಲೆಕ್ಕ. ಇದರಲ್ಲಿ ಗಮನಿಸುವಂಥದ್ದು ಏನೂ ಇಲ್ಲ ಎಂದು ದೇರಪ್ಪನ ಹಾಗೆ ಇಡೀ ನಾಡು ತಿಳಿದಿತ್ತು.

ಆದ್ದರಿಂದ ಮೂರು ಬಟ್ಟಲು ಪಾಯಸ ತಿಂದವನು ಮರುದಿನ, ತಿಂಗಳ ಮೊದಲ ಶನಿವಾರ, ಆಸ್ಪತ್ರೆಗೆ ಹೋಗಿ ಎಂದಿನಂತೆ ಸೀಸೆ ತುಂಬಿಸಿ ಕೊಟ್ಟ. ಬಯಲುಸೀಮೆಯಿಂದ ಬಂದು ಮೂರು ವಾರವಾಗಿದ್ದ ಹೊಸ ಡಾಕ್ಟರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿದ್ದುದು ಬಸಳೆ ಹಣ್ಣಿನ ರಸದಂತಿತ್ತು. ಚೀಟಿ ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ ಕೊಟ್ಟರು.

ಜಗುಲಿಯಲ್ಲಿ ಶಿವಶಂಕರಪ್ಪ ಚೀಟಿಯನ್ನು ಗಟ್ಟಿಯಾಗಿ ಓದಿದರು. “ಮೂತ್ರ ಕಡುಕೆಂಪು. ರಕ್ತ ಅಥವಾ ಪಿತ್ತ ಇರಬಹುದು. ಮದ್ಯಪಾನ ಮುಂದುವರಿದಿರುವ ಶಂಕೆ.” ಚೀಟಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕಲ್ಲು ಇಟ್ಟರು. “ನಂಗೆ ಮೊದ್ಲಿಂದ ಅನುಮಾನ ಇತ್ತು.”

ದೇರಪ್ಪ ನಕ್ಕುಬಿಟ್ಟ. ಅದು ದೊಡ್ಡ ತಪ್ಪಾಯಿತು.

“ನಗ್ತೀರಾ?”

“ಅದು ಮದ್ದು ಸೊಪ್ಪು ಸಾರ್. ನಿನ್ನೆ ಆಟಿ ಹದಿನೆಂಟು. ಪಾಯಸ ತಿಂದರೆ ಎಲ್ಲರಿಗೂ ಹಂಗೇ. ಊರಿಗೂರೇ ಕೆಂಪು.”

“ಊರಿಗೂರೇ!” ಶಿವಶಂಕರಪ್ಪ ಕುರ್ಚಿಗೆ ಒರಗಿದರು. “ಹೋದ ವರ್ಷ ಒಬ್ಬ ಕೆಮ್ಮಿನ ಔಷಧ ಅಂದ. ಇನ್ನೊಬ್ಬ ಹಲಸಿನ ಹಣ್ಣು ಅಂದ. ಸೊಪ್ಪಿನ ಕಥೆ ಇದೇ ಮೊದ್ಲು.” ಜಗುಲಿಯ ಆ ತುದಿಯಲ್ಲಿ ಕಡತ ಕಟ್ಟುತ್ತಿದ್ದ ಕಚೇರಿಯ ಜವಾನನನ್ನು ಕರೆದರು. “ಬೊಳ್ಳಪ್ಪ, ನೀನು ಈ ಊರವನೇ ಅಲ್ಲೇನೋ? ಸೊಪ್ಪು ತಿಂದ್ರೆ ಮೂತ್ರ ಕೆಂಪಾಗ್ತದಾ?”

ಬೊಳ್ಳಪ್ಪ ಅಮ್ಮತ್ತಿಯವನು. ಹಿಂದಿನ ದಿನ ಅವನ ಮನೆಯಲ್ಲೂ ಪಾಯಸವಾಗಿತ್ತು. ತುಟಿಯ ಮೂಲೆಯಲ್ಲಿ ನೇರಳೆ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೆ ಮಾರಿಯ ಭಟ್ಟಿಯಿಂದ ವಾರಕ್ಕೊಂದು ಬಾಟಲಿ ಅವನ ಮನೆಗೂ ಬರುತ್ತಿತ್ತು, ಈಗ ಮೂರು ವಾರದಿಂದ ಬಂದಿರಲಿಲ್ಲ. ಅವನು ದೇರಪ್ಪನನ್ನು ನೋಡಿದ, ಅಧಿಕಾರಿಯನ್ನು ನೋಡಿದ.

“ನಂಗೊತ್ತಿಲ್ಲ ಸಾರ್. ನಾವೆಲ್ಲ ಅಂಥದ್ದು ತಿನ್ನೋದಿಲ್ಲ.”

“ಬೊಳ್ಳಪ್ಪಣ್ಣ!” ಎಂದ ದೇರಪ್ಪ.

“ಎಂತ? ಗೊತ್ತಿದ್ದವ್ರು ಗೊತ್ತಿದ್ದದ್ದನ್ನೆಲ್ಲ ಹೇಳ್ತಾರೆ ಮಾರಾಯ, ನಂಗೆ ಗೊತ್ತಿಲ್ಲ,” ಎಂದು ಬೊಳ್ಳಪ್ಪ ಕಡತದ ದಾರ ಬಿಗಿದ.

ಶಿವಶಂಕರಪ್ಪ ಹಾಳೆ ಎಳೆದುಕೊಂಡು ಬರೆಯತೊಡಗಿದರು. ಮುಂದಿನ ಶನಿವಾರ ಈ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ ಎಂದರು. ವರದಿ ಹೋದರೆ ಲೈಸೆನ್ಸು ಹೋಯಿತು. ಲೈಸೆನ್ಸಿಲ್ಲದ ಡ್ರೈವರನನ್ನು ಎಸ್ಟೇಟಿನವರು ಕಣದಲ್ಲಿ ಇಟ್ಟುಕೊಳ್ಳುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ದೇರಪ್ಪ ಕಲಿತ ಕೆಲಸ ಬೇರೊಂದಿರಲಿಲ್ಲ.

“ಸಾರ್,” ಎಂದ. “ಯಾರ ಮಾತೂ ಬೇಡ. ನೀವೇ ತಿಂದು ನೋಡಿ.”

ಲೇಖನಿ ನಿಂತಿತು. ಅನುಮಾನದ ಮನುಷ್ಯನಿಗೆ ಅದು ಸರಿಯಾದ ಆಹ್ವಾನವಾಗಿತ್ತು. ಶಿವಶಂಕರಪ್ಪ ಲೇಖನಿಗೆ ಮುಚ್ಚಳ ಹಾಕಿದರು.

“ಸೊಪ್ಪು ನಾನೇ ಕೀಳ್ತೀನಿ. ಪಾತ್ರೆ ನಂದು. ನಿಮ್ಮ ಮನ್ಯಾಗೆ ಏನೇನು ಬೇಯಿಸಿರ್ತೀರೋ. ಅಕ್ಕಿ, ಬೆಲ್ಲ ನಾನೇ ತರ್ತೀನಿ. ಗುರುವಾರ ಬರ್ತೀನಿ.”

ಮನೆಗೆ ಬಂದು ಹೇಳಿದಾಗ ಪೊನ್ನಮ್ಮ ಹಣೆ ಒತ್ತಿಕೊಂಡಳು. “ಗುರುವಾರ ಅಂದ್ರೆ ಹದಿನೆಂಟು ಕಳ್ದ್ ಆರು ದಿನ. ಮದ್ದು ಇಳ್ದ್ ಹೋಗಿದ್ದರೆ?”

“ಗೊತ್ತಿಲೆ.”

“ಹದಿನೆಂಟು ಬಿಟ್ಟು ಬೇರೆ ದಿನ ಯಾರು ಮಾಡಿ ತಿಂದದ್ ಉಟ್ಟು? ನಾಳೆ ನಾವೇ ಮೊದ್ಲು ಮಾಡಿ ನೋಡಣ.”

ದೇರಪ್ಪ ತಲೆಯಾಡಿಸಿದ. “ಕೆಂಪಾಗದೆ ಹೋದರೆ? ಆಮೇಲೆ ಅವರಿಗೆ ಮುಖ ತೋರ್ಸೊ ಧೈರ್ಯನೂ ಇರುದಿಲ್ಲೆ.”

ಪರೀಕ್ಷೆ ಮಾಡದೆಯೇ ನಾಲ್ಕು ದಿನ ಕಳೆದರು.

ಗುರುವಾರ ಹನ್ನೊಂದು ಗಂಟೆಯ ಬಸ್ಸಿನಿಂದ ಶಿವಶಂಕರಪ್ಪ ಇಳಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಚೀಲದಲ್ಲಿ ಹೊಸ ಹಿತ್ತಾಳೆ ಪಾತ್ರೆ. ಅಬಕಾರಿ ಕಚೇರಿಯಲ್ಲಿ ಕೂರುವ ಅಧಿಕಾರಿ ಲೈನಿನ ಮುಂದೆಯೇ ನಡೆದು ದೇರಪ್ಪನ ಮನೆಗೆ ಹೋದದ್ದನ್ನು ನಲ್ಲಿಯ ಹತ್ತಿರ ಇದ್ದ ಎಲ್ಲರೂ ನೋಡಿದರು. ಮಾರಿ ತನ್ನ ಬಾಗಿಲಲ್ಲಿ ನಿಂತು ಬೀಡಿ ಹಚ್ಚಿ, ಕೊನೆಯವರೆಗೂ ಅಲ್ಲೇ ನಿಂತಿದ್ದ.

ದೇರಪ್ಪ ಬೇಲಿಯ ಗಿಡ ತೋರಿಸಿದ. ಶಿವಶಂಕರಪ್ಪ ಆ ಗಿಡ ಬಿಟ್ಟು, ದಾರಿಯಾಚೆಯ ಇನ್ನೊಂದರಿಂದ ಕಿತ್ತರು. ತೋಟದ ಜಿಗಣೆಯೊಂದು ಹಿಮ್ಮಡಿಗೆ ಹತ್ತಿದ್ದನ್ನೂ ಗಮನಿಸಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಒಲೆಯ ಮೇಲೆ ಕಣ್ಣಿಟ್ಟು ಕೂತರು. ಪೊನ್ನಮ್ಮ ಒಮ್ಮೆ ಸೆರಗಿನಿಂದ ಕೈ ಒರೆಸಿಕೊಂಡಾಗ, “ಏನು ಹಾಕಿದ್ರಿ?” ಎಂದರು.

“ಬೆವರು,” ಎಂದಳು ಪೊನ್ನಮ್ಮ.

ನೀರು ಕುದಿಯಿತು, ನೇರಳೆಯಾಯಿತು. ಆದರೆ ಹದಿನೆಂಟರ ದಿನದ ಕಡುಬಣ್ಣ ಅದರಲ್ಲಿರಲಿಲ್ಲ. ಗಂಡ ಹೆಂಡತಿ ಪಾತ್ರೆಯೊಳಗೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶಿವಶಂಕರಪ್ಪ ಎರಡು ಬಟ್ಟಲು ತಿಂದರು. ಪಾತ್ರೆಯನ್ನು ತಾವೇ ತೊಳೆದು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು.

ಅವರು ಹೋದ ಮೇಲೆ ಲೈನಿನ ಕಡೆಯಿಂದ ಮಾರಿಯ ದನಿ ಕೇಳಿತು. “ಆಫೀಸರ್ ಊಟ ಆಯ್ತಾ ಡ್ರೈವರಣ್ಣಾ? ಮುಂದೆ ಯಾರ ಮನೆ?”

ದೇರಪ್ಪ ಬಾಗಿಲು ಎಳೆದುಕೊಂಡ. ಕೋರ್ಟಿನ ಅನುಮಾನ ಕಳೆಯಲು ಅವನು ಮಾಡಿದ ಕೆಲಸವೇ ಊರಿನ ಅನುಮಾನಕ್ಕೆ ಸಾಕ್ಷಿಯಾಗಿತ್ತು. ಅದು ಅವನಿಗೆ ಅಧಿಕಾರಿ ಬಸ್ಸಿನಿಂದ ಇಳಿಯುವಾಗಲೇ ಗೊತ್ತಾಗಿತ್ತು.

ಶನಿವಾರ ಜಗುಲಿಯಲ್ಲಿ ಶಿವಶಂಕರಪ್ಪ ಎಂದಿಗಿಂತ ನೇರವಾಗಿ ಕೂತಿದ್ದರು. ದೇರಪ್ಪ ನಿಂತೇ ಇದ್ದ.

“ನಿನ್ನೆ ಬೆಳಗ್ಗೆ,” ಎಂದು ತಗ್ಗಿದ ದನಿಯಲ್ಲಿ ಹೇಳಿದರು, “ನಂಗೂ.” ಮೇಜಿನ ಮೇಲಿನ ಕಲ್ಲನ್ನು ಸರಿಸುತ್ತಾ, “ಗೊತ್ತಿದ್ದೂ ಹೆದರಿಕೆ ಆತು. ಸೀಸೆ ಹಿಡ್ಕಂಡು ಡಾಕ್ಟ್ರ ಹತ್ರ ಓಡಿದೆ. ಅವರೂ ನೋಡಿದ್ರು.”

ವರದಿಯ ಹಾಳೆಯನ್ನು ಅವರು ಹರಿಯಲಿಲ್ಲ. ಬರೆದದ್ದನ್ನು ಹರಿಯುವ ಅಭ್ಯಾಸ ಅವರಿಗಿರಲಿಲ್ಲ. ಕೆಳಗೆ ಎರಡು ಸಾಲು ಸೇರಿಸಿದ್ದರು: ಕೆಂಪಿಗೆ ಮದ್ಯ ಕಾರಣವಲ್ಲ, ಸ್ಥಳೀಯ ಸೊಪ್ಪು. ಸ್ವತಃ ಸೇವಿಸಿ ಪರೀಕ್ಷಿಸಲಾಗಿದೆ. ಆಮೇಲೆ ತಲೆಯೆತ್ತಿ ಬೊಳ್ಳಪ್ಪನನ್ನು ನೋಡಿದರು.

“ಗೊತ್ತಿಲ್ಲ ಅಂದ್ಯಲ್ಲೋ?”

“ನೆನಪಾಗ್ಲಿಲ್ಲ ಸಾರ್,” ಎಂದ ಬೊಳ್ಳಪ್ಪ.

ದೇರಪ್ಪ ಕೈ ಮುಗಿದು ಹೊರಡಲು ತಿರುಗಿದ.

“ಎಲ್ಲಿಗ್ರೀ? ಊದ್ರಿ.”

ಉಳಿದ ಏಳು ತಿಂಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಪಾಠಗಳು ಮುಗಿದವು, ಕೊನೆಯ ಕೆಲವನ್ನು ದೇರಪ್ಪ ಆಕಳಿಸದೆ ಕೇಳಿದ. ಲೈನಿನ ಎರಡು ಮದುವೆಗಳಿಗೆ ಅವನಿಗೆ ಕರೆ ಬರಲಿಲ್ಲ. ಪೊನ್ನಮ್ಮ ನಲ್ಲಿ ಬಿಟ್ಟು ತೋಡಿನ ನೀರು ತಂದಳು. 1963ರ ಮಾರ್ಚ್‌ನಲ್ಲಿ ಕೋರ್ಟಿನ ಕಪಾಟಿನಿಂದ ಲೈಸೆನ್ಸು ಹೊರಗೆ ಬಂತು. ಅದರ ರಟ್ಟಿಗೆ ಒಂದು ವರ್ಷದ ಬೂಷ್ಟು ಹಿಡಿದಿತ್ತು. ಅವನು ಅಂಗಿಯಿಂದ ಒರೆಸಿ ಜೇಬಿಗೆ ಇಟ್ಟುಕೊಂಡ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಕಣದ ಮುಂದೆ ಲಾರಿ ನಿಂತಿತ್ತು. ಕಾಫಿ ಚೀಲಗಳನ್ನು ಏರಿಸಿ ಮುಗಿದಿತ್ತು. ಇಳಿಸಲು ನಾಲ್ವರು ಆಳುಗಳು ಜೊತೆಗೆ ಹೋಗಬೇಕಿತ್ತು. ನಾಲ್ವರೂ ಕೆಳಗೆ ನಿಂತಿದ್ದರು, ಯಾರೂ ಹತ್ತಲಿಲ್ಲ. ಅವರಲ್ಲಿ ಕಾಳನೂ ಇದ್ದ. ಅವನ ಎಡಗೈ ಕೂಡಿತ್ತು, ಆದರೆ ಪೂರ್ತಿ ನೀಳವಾಗುತ್ತಿರಲಿಲ್ಲ.

ದೇರಪ್ಪ ಬಾಗಿಲು ತೆರೆದು ಇಳಿದ. “ಎಂತ ಕಾಳ? ಹೊತ್ತಾಗ್ತದೆ.”

“ಇವ್ರಿಗೆಲ್ಲ ನೀವು ಸರ್ಕಾರದ ಮನುಷ್ಯ ಅಂತ ಹೆದ್ರಿಕೆ,” ಎಂದ ಕಾಳ. “ನಂಗೆ ಅದಲ್ಲ. ನಾನು ಭಟ್ಟಿ ಇಟ್ಟವನಲ್ಲ. ನಂಗೆ ಒಂದೇ ಕೇಳೋದುಂಟು. ಆವತ್ತು ಎಮ್ಮೆ ಇತ್ತಾ?”

ದೇರಪ್ಪ ಲಾರಿಯ ಬಾಗಿಲನ್ನು ಹಿಡಿದುಕೊಂಡ. ಉಳಿದ ಮೂವರೂ ಕೇಳಿಸಿಕೊಳ್ಳುತ್ತಿದ್ದರು.

“ಇತ್ತು,” ಎಂದ. “ನಾಲ್ಕೂವರೆ ಹಗ್ಗದಷ್ಟು ದೂರ ಇತ್ತು. ನಾನು ಅಳೆದು ನೋಡಿದೆ. ನಿಲ್ಸೋಕೆ ಬೇಕಾದಷ್ಟು ಜಾಗ. ನಾನು ಬ್ರೇಕ್ ಒತ್ತೋ ಹೊತ್ತಿಗೆ ಅದು ದಾಟಿ ಹೋಗಿತ್ತು, ಕಾಳ. ಖಾಲಿ ರಸ್ತೆ. ಲಾರಿ ಬಿದ್ದದ್ದು ಎಮ್ಮೆಗಾಗಿ ಅಲ್ಲ, ನಾನು ಕುಡಿದಿದ್ದಕ್ಕೆ.”

“ಆ ಮಳೇಲಿ ಹಗ್ಗ ಹಿಡ್ಕಂಡಿದ್ದು ಇದ್ಕಾ?”

“ಇದ್ಕೇ.”

ಕಾಳ ಹಿಂದಿದ್ದವರ ಕಡೆ ತಿರುಗಿ ನೋಡಿದ. ಅವರಲ್ಲಿ ಒಬ್ಬ ನಂಬಿದಂತೆ ಕಂಡ, ಇಬ್ಬರು ನೆಲ ನೋಡುತ್ತಿದ್ದರು. ಕಾಳ ಎರಡು ಹೆಜ್ಜೆ ಮುಂದೆ ಬಂದು, ಡ್ರೈವರನ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು, ಮುಖ ಎತ್ತಿದ.

“ಊದಿ ಅಣ್ಣ.”

ದೇರಪ್ಪ ಊದಿದ. ಕಾಳ ನಿಧಾನವಾಗಿ ಮೂಸಿ ನೋಡಿ, ಬಲಗೈಯಿಂದ ಲಾರಿಯ ಬದಿಯ ಪಟ್ಟಿ ಹಿಡಿದು, ಸೊಟ್ಟ ಎಡಗೈಯನ್ನು ಮೈಗೊತ್ತಿಕೊಂಡು ಚೀಲಗಳ ಮೇಲೆ ಹತ್ತಿದ. ಈ ಸಲ ಮುಂದಕ್ಕೆ ಮುಖ ಮಾಡಿ ಕೂತ. ಉಳಿದವರು ಒಬ್ಬೊಬ್ಬರಾಗಿ ಹತ್ತಿದರು. ಮೋರಿಯ ತಿರುವಿನಲ್ಲಿ ಲಾರಿ ನಡೆಯುವವನ ವೇಗಕ್ಕೆ ಇಳಿಯಿತು. ರಸ್ತೆಯಲ್ಲಿ ಏನೂ ಇರಲಿಲ್ಲ.

ಅದಾದ ಮೇಲೆ ಹನ್ನೊಂದು ವರ್ಷ ದೇರಪ್ಪ ಅದೇ ಎಸ್ಟೇಟಿನ ಲಾರಿ ಓಡಿಸಿದ. ಸುಳಿವು ಕೊಟ್ಟವನು ಅವನೇ ಎಂದು ಲೈನಿನಲ್ಲಿ ಅರ್ಧ ಜನ ಕೊನೆಯವರೆಗೂ ನಂಬಿದ್ದರು. ಬೆಳಗ್ಗೆ ಲಾರಿ ಹೊರಡುವ ಮೊದಲು ಕಾಳ ಬಂದು ಮುಖ ಎತ್ತುತ್ತಿದ್ದ. ಕಾಳ ರಜೆಯಲ್ಲಿದ್ದ ದಿನ ಬೇರೆ ಯಾರಾದರೂ. ದೇರಪ್ಪ ಒಂದು ದಿನವೂ ಊದಿ ಎಂದು ಹೇಳಿಸಿಕೊಳ್ಳಲು ಕಾಯಲಿಲ್ಲ, ಬಾಗಿಲು ಹಾಕುವ ಮೊದಲೇ ಬಗ್ಗಿ ಊದುತ್ತಿದ್ದ.